ಹಳೇ ಮಿಲ್ಲಿನಲ್ಲಿ ಮದುವೆ: ಉಳಿದ ದಿನ ಬಾಗಿಲು ಯಾರಿಗೆ?

ಈ ಸಲದ ಬೇಸಿಗೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಶಿವಮೊಗ್ಗ ಜಿಲ್ಲೆಯದೇ ಒಂದು ಊರು. ಛತ್ರ ಹುಡುಕಿಕೊಂಡು ಹೋದರೆ ಎದುರಿಗೆ ನಿಂತದ್ದು ಹಳೇ ರೈಸ್ ಮಿಲ್ಲು. ದಪ್ಪ ಜಂಬಿಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು, ಹಿಂದೆ ಎತ್ತರದ ಚಿಮಣಿ. ಚಿಮಣಿಗೆ ಕೆಳಗಿನಿಂದ ಮೇಲಿನವರೆಗೆ ಸೀರಿಯಲ್ ಸೆಟ್ ಸುತ್ತಿದ್ದರು. ಒಳಗೆ ಮಂಟಪ, ಹೂವು, ವಿಡಿಯೋದವರ ದೀಪ. ನಿಜ ಹೇಳಬೇಕೆಂದರೆ ತುಂಬ ಚೆನ್ನಾಗಿತ್ತು. ಈಚೆಗೆ ಕಟ್ಟಿದ ಯಾವ ಕನ್ವೆನ್ಷನ್ ಹಾಲಿಗೂ ಆ ಗಾಂಭೀರ್ಯ ಇಲ್ಲ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಎಪ್ಪತ್ತು ದಾಟಿದ ಹಿರಿಯರು. ಎಲೆಗೆ ಪಾಯಸ ಬಡಿಸುವ ಹೊತ್ತಿಗೆ ತಲೆ ಎತ್ತಿ ಸೂರು ನೋಡಿದರು. "ಇಲ್ಲೇ ಶಾಫ್ಟ್ ತಿರುಗ್ತಿತ್ತು ಮಾರಾಯ್ರೆ. ನಾನು ಇದೇ ಮಿಲ್ಲಿನ ಡ್ರೈವರ್ ಆಗಿದ್ದೆ" ಅಂದರು. ಮಿಲ್ಲಿನ ಡ್ರೈವರ್ ಅಂದರೆ ಎಂಜಿನ್ ನಡೆಸುವವರು. ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಎಲ್ಲಿತ್ತು, ಬೆಲ್ಟ್ ಎಲ್ಲಿಂದ ಎಲ್ಲಿಗೆ ಓಡುತ್ತಿತ್ತು, ಹೊಟ್ಟು ಯಾವ ಕಿಂಡಿಯಿಂದ ಹೊರಗೆ ಬೀಳುತ್ತಿತ್ತು, ಎಲ್ಲವನ್ನೂ ಕೈ ಮಾಡಿ ತೋರಿಸಿದರು. ಹೊರಗೆ ಕಾರು ನಿಲ್ಲಿಸಿದ್ದೆವಲ್ಲ, ಅದು ಹೆಂಗಸರು ಭತ್ತ ಒಣಗಿಸುತ್ತಿದ್ದ ಕಣವಂತೆ. ಇಡೀ ಕಟ್ಟಡದಲ್ಲಿ ಇದನ್ನು ಹೇಳುವ ಒಂದು ಬೋರ್ಡೂ ಇರಲಿಲ್ಲ. ಅವರು ಆ ದಿನ ಮದುವೆಗೆ ಬಾರದೇ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಈ ವಿಷಯ ತಲೆಯಲ್ಲೇ ಸುತ್ತುತ್ತಿದೆ. ಮಲೆನಾಡಿನಲ್ಲಿ ಮುಚ್ಚಿದ ಮಿಲ್ಲುಗಳು, ಹೆಂಚಿನ ಕಾರ್ಖಾನೆಗಳು, ಗೋದಾಮುಗಳು ಬೇಕಾದಷ್ಟಿವೆ. ಗದ್ದೆ ಹೋಗಿ ಅಡಿಕೆ ತೋಟ ಬಂತು. ಭತ್ತ ಕಡಿಮೆಯಾಯಿತು. ದೊಡ್ಡ ಆಧುನಿಕ ಮಿಲ್ಲುಗಳ ಎದುರು ಊರಿನ ಸಣ್ಣ ಮಿಲ್ಲು ನಿಲ್ಲಲಿಲ್ಲ. ಹೆಂಚಿನ ಜಾಗಕ್ಕೆ ಆರ್‌ಸಿಸಿ ಬಂತು, ಶೀಟು ಬಂತು. ಮಾಲೀಕರ ಮುಂದೆ ಈಗ ಇರುವುದು ಎರಡೇ ದಾರಿ. ಕೆಡವಿ ಸೈಟು ಮಾಡುವುದು, ಇಲ್ಲವೇ ಬಾಡಿಗೆ ಬರುವ ಹಾಗೆ ಏನಾದರೂ ಮಾಡುವುದು. ಬಾಡಿಗೆ ಅಂದ ಕೂಡಲೇ ಮೊದಲು ಹೊಳೆಯುವುದು ಮದುವೆ, ಸಮಾರಂಭ, ಸಂಗೀತ ಕಾರ್ಯಕ್ರಮ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರ್ಖಾನೆಯಲ್ಲಿ ಸಮಾರಂಭ ನಡೆಯುವುದಕ್ಕೆ ನನ್ನ ವಿರೋಧ ಇಲ್ಲ. ಬಾಡಿಗೆ ಬರದಿದ್ದರೆ ಆ ಸೂರು ಎರಡು ಮಳೆಗಾಲವೂ ತಡೆಯುವುದಿಲ್ಲ. ಆದರೆ ಸಮಾರಂಭ ಇಲ್ಲದ ದಿನಗಳೇ ವರ್ಷದಲ್ಲಿ ಜಾಸ್ತಿ. ಅರವತ್ತು ದಿನ ಬುಕಿಂಗ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಉಳಿದ 305 ದಿನ ಗೇಟಿಗೆ ಬೀಗ. ಆ ಬೀಗ ಯಾರ ಕೈಯಲ್ಲಿದೆ, ಊರಿನವರು ಒಳಗೆ ಹೋಗಬಹುದೇ ಇಲ್ಲವೇ ಅನ್ನುವುದರ ಮೇಲೆ ಆ ಕಟ್ಟಡ ಉಳಿಯಿತೋ ಅಥವಾ ಬರೀ ಗೋಡೆ ಉಳಿಯಿತೋ ತೀರ್ಮಾನವಾಗುತ್ತದೆ.

ಈ ಮಾತು ಬಂದಾಗ ಶಿವಮೊಗ್ಗದವರಿಗೆ ಭದ್ರಾವತಿ ನೆನಪಾಗದೇ ಇರುವುದಿಲ್ಲ. ಅಲ್ಲಿಯ ಕಥೆ ಸಣ್ಣ ಮಿಲ್ಲಿನ ಹಾಗಲ್ಲ, ಬಹಳ ದೊಡ್ಡದು. ಬೆಂಕಿಪುರ ಅಂತಿದ್ದ ಊರು ಭದ್ರಾವತಿ ಆಯಿತು. ಅಲ್ಲಿ ಮೈಸೂರು ಐರನ್ ವರ್ಕ್ಸ್ 1923ರ ಜನವರಿಯಲ್ಲಿ ಶುರುವಾಯಿತು. ದಿವಾನರಾಗಿದ್ದಾಗ ಅದರ ಕನಸು ಕಂಡ ವಿಶ್ವೇಶ್ವರಯ್ಯನವರೇ ಆ ವರ್ಷದಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ನಮ್ಮಲ್ಲಿ ಕಲ್ಲಿದ್ದಲು ಇಲ್ಲ, ಕಾಡಿತ್ತು. ಹಾಗಾಗಿ ಅದಿರು ಕರಗಿಸುವ ಬ್ಲಾಸ್ಟ್ ಫರ್ನೇಸ್ ಉರಿದದ್ದು ಕಟ್ಟಿಗೆಯ ಇದ್ದಿಲಿನಿಂದ. ಕಟ್ಟಿಗೆಯನ್ನು ಸುಟ್ಟು ಇದ್ದಿಲು ಮಾಡುವಾಗ ಬರುವ ಹೊಗೆಯಿಂದಲೂ ಟಾರು, ಮದ್ಯಸಾರದಂಥ ರಾಸಾಯನಿಕಗಳನ್ನು ತೆಗೆಯುವ ಘಟಕ ಅಲ್ಲಿತ್ತು. ಅಂದರೆ ಆ ಕಾರ್ಖಾನೆಯ ಕಥೆಯಲ್ಲಿ ಎಂಜಿನಿಯರುಗಳು ಮಾತ್ರ ಇಲ್ಲ. ಕಡಿದುಹೋದ ನಮ್ಮ ಕಾಡೂ ಇದೆ, ಮರ ಕಡಿದವರೂ ಇದ್ದಾರೆ.

ಕಾಗದದ ಕಾರ್ಖಾನೆ ಬಂದದ್ದು ಆಮೇಲೆ. ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1936ರಲ್ಲಿ. ನಾವು ಓದಿದ ಎಷ್ಟೋ ದಿನಪತ್ರಿಕೆಗಳ ಕಾಗದ ಅಲ್ಲಿಂದ ಬರುತ್ತಿತ್ತು. 2015ರ ಹೊತ್ತಿಗೆ ಅಲ್ಲಿ ಉತ್ಪಾದನೆ ನಿಂತಿತು. ಪೇಪರ್ ಟೌನ್, ನ್ಯೂಟೌನ್ ಅನ್ನುವ ಬಡಾವಣೆಗಳು, ಸಾಲು ಸಾಲು ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಈ ಎರಡು ಕಾರ್ಖಾನೆಗಳ ಸುತ್ತ ಬೆಳೆದವು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಐರನ್ ವರ್ಕ್ಸ್ ಆಗಿ ಶುರುವಾದ ಆ ಉಕ್ಕಿನ ಕಾರ್ಖಾನೆ ಸತ್ತಿಲ್ಲ. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, ಅದನ್ನು ನಡೆಸುವ ಕೇಂದ್ರದ ಉಕ್ಕು ಪ್ರಾಧಿಕಾರ (ಸೇಲ್) ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಕಾರ್ಮಿಕರು, ಅದರಲ್ಲೂ ಗುತ್ತಿಗೆ ಕಾರ್ಮಿಕರು, ತಿಂಗಳುಗಟ್ಟಲೆ ಧರಣಿ ಕೂತರು. ಆಗಸ್ಟ್‌ನಲ್ಲಿ ಒಂದಿಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಅವರು ಕೆಲಸ ಕೇಳುತ್ತಿರುವಾಗ "ಇದನ್ನು ಮ್ಯೂಸಿಯಂ ಮಾಡೋಣ, ಸಮಾರಂಭಕ್ಕೆ ಕೊಡೋಣ" ಅನ್ನುವುದು ಬದುಕಿರುವವರ ಮನೆ ಮುಂದೆ ತಿಥಿಯ ಮಾತು ಎತ್ತಿದ ಹಾಗೆ. ನಡೆಯಬಲ್ಲ ಕಾರ್ಖಾನೆ ನಡೆಯಲಿ. ಸಭಾಂಗಣ, ಮಂಟಪ, ಸಂಗೀತ ಇವೆಲ್ಲ ನಿಜವಾಗಿ ನಿಂತುಹೋದ ಜಾಗಗಳಿಗೆ. ದೊಡ್ಡ ಆವರಣದಲ್ಲಿ ಒಂದು ಭಾಗ ಮಾತ್ರ ಕೆಲಸಕ್ಕೆ ಬಾರದೆ ನಿಂತಿದ್ದರೆ ಆ ಭಾಗದ ಬಗ್ಗೆ ಯೋಚಿಸಬಹುದು, ಅದೂ ಅಲ್ಲಿ ದುಡಿಯುವವರನ್ನು ಕೂರಿಸಿಕೊಂಡು.

ಹಾಗೆ ಯೋಚಿಸಿದ ಊರು ಬೇರೆ ಕಡೆ ಇದೆ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಒಂದು ಕಬ್ಬಿಣದ ಕಾರ್ಖಾನೆ 1985ರಲ್ಲಿ ಮುಚ್ಚಿತು. ಅದನ್ನು ಕೆಡವಲಿಲ್ಲ. 1994ರಲ್ಲಿ ಇಡೀ ಆವರಣವನ್ನು ಉದ್ಯಾನ ಮಾಡಿ ತೆರೆದರು. ಯಂತ್ರಗಳಿಗೆ ಶಕ್ತಿ ಒದಗಿಸುತ್ತಿದ್ದ ದೊಡ್ಡ ಶೆಡ್ಡು ಈಗ ಸಮಾರಂಭದ ಸಭಾಂಗಣ. ಅನಿಲ ತುಂಬಿಡುತ್ತಿದ್ದ ಟ್ಯಾಂಕಿಗೆ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ಅದಿರು ಸುರಿಯುತ್ತಿದ್ದ ಗೋಡೆಗಳ ಮೇಲೆ ಹುಡುಗರು ಬಂಡೆ ಹತ್ತುವುದನ್ನು ಕಲಿಯುತ್ತಾರೆ. ಬ್ಲಾಸ್ಟ್ ಫರ್ನೇಸ್ ತುದಿಗೆ ಹತ್ತಿ ಊರು ನೋಡಬಹುದು. ನನಗೆ ಮುಖ್ಯ ಅನ್ನಿಸಿದ್ದು ಏನೆಂದರೆ, ಉದ್ಯಾನಕ್ಕೆ ಟಿಕೆಟ್ ಇಲ್ಲ, ಹಗಲು ರಾತ್ರಿ ತೆರೆದೇ ಇರುತ್ತದೆ. ಸಭಾಂಗಣ ಬಾಡಿಗೆಗೆ ಸಿಗುತ್ತದೆ, ಆದರೆ ಆವರಣ ಊರಿನದು. ಸಂಜೆ ಒಳಗೆ ಕಾರ್ಯಕ್ರಮ ನಡೆಯುತ್ತಿದ್ದರೂ ಹೊರಗೆ ಒಬ್ಬ ನಿವೃತ್ತ ಕಾರ್ಮಿಕ ಮೊಮ್ಮಗಳ ಕೈ ಹಿಡಿದು ಅಡ್ಡಾಡಬಹುದು.

ನಮ್ಮಲ್ಲಿ ಹೀಗೆಲ್ಲ ಆಗುವುದಿಲ್ಲ ಅನ್ನುವವರಿಗೆ ಶಿವಮೊಗ್ಗವನ್ನೇ ತೋರಿಸುತ್ತೇನೆ. ಊರ ನಡುವೆ ಇದ್ದ ಹಳೇ ಜೈಲು ಸೋಗಾನೆಗೆ ಹೋಯಿತು. ಜೈಲಿನ ಜಾಗ ಫ್ರೀಡಂ ಪಾರ್ಕ್ ಆಯಿತು, ಈಗ ಅದಕ್ಕೆ ಅಲ್ಲಮಪ್ರಭುವಿನ ಹೆಸರಿದೆ. 2024ರ ಜನವರಿ 12ರಂದು ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಅಲ್ಲೇ. ಬೀಗ ಹಾಕಿಡಲೆಂದೇ ಕಟ್ಟಿದ ಜಾಗವನ್ನು ಸಾವಿರಾರು ಜನ ಸೇರುವ ಜಾಗ ಮಾಡಲು ನಮ್ಮಿಂದ ಆಯಿತು ಅಂದಮೇಲೆ ಕಾರ್ಖಾನೆಯ ಗೇಟು ತೆರೆಯುವುದು ಅಸಾಧ್ಯವೇನಲ್ಲ ಅಲ್ವಾ? ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಿನಲ್ಲಿಯೂ 2008ರಲ್ಲಿ ಫ್ರೀಡಂ ಪಾರ್ಕ್ ತೆರೆಯಿತು, ಕಾವಲು ಗೋಪುರವನ್ನು ಹಾಗೇ ಉಳಿಸಿಕೊಂಡರು. ಅದೇ ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳು. ಸಾವಿರಾರು ಕಾರ್ಮಿಕರು ದುಡಿದ ಜಾಗದ ಗುರುತಿಗೆ ಬಸ್ ಸ್ಟಾಪಿನ ಹೆಸರಿನಂಥ ಒಂದೆರಡು ಹೆಸರುಗಳು ಉಳಿದಿವೆ.

ಸರಿ, ಕಟ್ಟಡ ಉಳಿಸುತ್ತೇವೆ ಅಂತ ಹೊರಟರೆ ಎಲ್ಲಿ ಎಡವುತ್ತೇವೆ? ಮೊದಲು ಮಳೆ.

ಮಲೆನಾಡಿನ ಸಮಾರಂಭದ ಲೆಕ್ಕ ಬಯಲುಸೀಮೆಯ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಹಾಗಾಗಿ ಮದುವೆಯನ್ನೇ ನಂಬಿದ ಹಾಲಿಗೆ ದುಡ್ಡು ಬರುವುದು ಮುಖ್ಯವಾಗಿ ಬೇಸಿಗೆಯಲ್ಲಿ, ಖರ್ಚು ಬರುವುದು ಮಳೆಗಾಲದಲ್ಲಿ. ಹೆಂಚು ಜಾರುತ್ತದೆ, ರೀಪು ಕೊಳೆಯುತ್ತದೆ, ಗೋಡೆಗೆ ಪಾಚಿ ಹತ್ತುತ್ತದೆ, ಗೆದ್ದಲು ಬಾಗಿಲಿನ ಚೌಕಟ್ಟಿಗೆ ಬರುತ್ತದೆ. ಮಿಲ್ಲು ನಡೆಯುತ್ತಿದ್ದಾಗ ಒಳಗೆ ಬೆಂಕಿ ಇತ್ತು, ಓಡಾಟ ಇತ್ತು, ಕಟ್ಟಡ ಒಣಗಿರುತ್ತಿತ್ತು. ಬೀಗ ಹಾಕಿದ ಹಾಲಿನಲ್ಲಿ ನಾಲ್ಕು ತಿಂಗಳು ಶೀತ ಕೂರುತ್ತದೆ. ಮಲೆನಾಡಿನ ಹಳೇ ಕಟ್ಟಡಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ, ಯಾರೂ ಒಳಗೆ ಕಾಲಿಡದ ಮಳೆಗಾಲದಲ್ಲಿ.

ಹಾಗಾದರೆ ಮಳೆಗಾಲದಲ್ಲಿ ಬಾಗಿಲು ತೆರೆದಿಡುವುದೇ ರಿಪೇರಿಯ ಮೊದಲ ಕೆಲಸ. ಆ ಹೊತ್ತಿಗೆ ಬೇಕಾದವರು ನಮ್ಮಲ್ಲಿ ಇದ್ದಾರೆ. ಹಲಸಿನ ಮೇಳ, ಸಸಿಗಳ ಮೇಳ ನಡೆಯುವುದು ಮಳೆ ಹಿಡಿಯುವ ಹೊತ್ತಿಗೆ, ಅವಕ್ಕೆ ಬೇಕಿರುವುದು ದೊಡ್ಡ ಸೂರು. ಹವ್ಯಾಸಿ ನಾಟಕ ತಂಡಗಳು ತಾಲೀಮಿಗೆ ಜಾಗ ಹುಡುಕುತ್ತವೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುವ ತಿಂಗಳುಗಳಲ್ಲಿ ಮಕ್ಕಳಿಗೆ ಹೆಜ್ಜೆ ಕಲಿಸಲು ಜಾಗ ಬೇಕು. ಹೆಗ್ಗೋಡಿನ ನೀನಾಸಂ 1949ರಲ್ಲಿ ಒಂದು ಹಳ್ಳಿಯಲ್ಲಿ ಶುರುವಾಗಿ ಇವತ್ತಿಗೂ ಜನ ಬಂದು ಸೇರುವ ಜಾಗವಾಗಿದೆ. ಅಂದರೆ ನಮ್ಮ ಕಡೆ ಜನ ಬರುವುದಿಲ್ಲ ಅನ್ನುವ ಮಾತೇ ಇಲ್ಲ. ಇವರಿಂದ ಬರುವ ಬಾಡಿಗೆ ಮದುವೆಯ ಬಾಡಿಗೆಯಷ್ಟು ಇರುವುದಿಲ್ಲ, ಒಪ್ಪುತ್ತೇನೆ. ಆದರೆ ದಿನಾ ಕಿಟಕಿ ತೆರೆಯುತ್ತದೆ, ಸೋರುವುದು ಅದೇ ದಿನ ಕಣ್ಣಿಗೆ ಬೀಳುತ್ತದೆ. ಒಂದು ಹೆಂಚು ಜಾರಿದಾಗಲೇ ಸರಿ ಮಾಡಿದರೆ ನೂರು ರೂಪಾಯಿಯ ಕೆಲಸ. ನಾಲ್ಕು ತಿಂಗಳು ಬಿಟ್ಟರೆ ಜಂತೆಯೇ ಹೋಗಿರುತ್ತದೆ.

ರಿಪೇರಿಯ ರೀತಿಯೂ ಮುಖ್ಯ. ಹಳೇ ಜಂಬಿಟ್ಟಿಗೆ, ಇಟ್ಟಿಗೆ ಗೋಡೆಗಳನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಸುಣ್ಣ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿ ಬಣ್ಣ ಬಳಿದರೆ ಮೊದಲ ವರ್ಷ ನುಣ್ಣಗೆ ಕಾಣುತ್ತದೆ. ಆಮೇಲೆ ಒಳಗೆ ಸಿಕ್ಕಿಕೊಂಡ ತೇವ ಗೋಡೆಯನ್ನೇ ತಿನ್ನುತ್ತದೆ. ಎಸಿ ಹಾಕಲೆಂದು ಫಾಲ್ಸ್ ಸೀಲಿಂಗ್ ಕಟ್ಟುವುದು ಇನ್ನೊಂದು ತಪ್ಪು. ಸೋರುವುದು ಕಾಣುವುದಿಲ್ಲ, ವೈರು ಇಲಿ ಕಡಿದದ್ದು ಗೊತ್ತಾಗುವುದಿಲ್ಲ. ಜೊತೆಗೆ ಕಟ್ಟಡದ ಅಂದವೇ ಆ ಸೂರಿನಲ್ಲಿರುತ್ತದೆ, ಅದನ್ನೇ ಮುಚ್ಚಿದ ಹಾಗಾಯಿತು. ಎತ್ತರದ ಹೆಂಚಿನ ಸೂರು ಬಿಸಿಗಾಳಿಯನ್ನು ತಾನೇ ಹೊರಗೆ ಕಳಿಸುತ್ತದೆ. ಮಲೆನಾಡಿನಲ್ಲಿ ಅದಕ್ಕಿಂತ ಒಳ್ಳೆ ಎಸಿ ಬೇಡ.

ಇನ್ನು ಸುರಕ್ಷತೆ. ಕಾರ್ಖಾನೆ ಗಟ್ಟಿ ಇರುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಅರ್ಧ ಮಾತ್ರ ನಿಜ. ಯಂತ್ರದ ಭಾರ ಹೊರಲು ಕಟ್ಟಿದ್ದು ನೆಲ. ಮೇಲಿನ ಟ್ರಸ್ಸು, ಅಂದರೆ ಸೂರನ್ನು ಹೊತ್ತ ಚೌಕಟ್ಟು, ಹೊರುತ್ತಿದ್ದದ್ದು ಹೆಂಚನ್ನು, ಇಲ್ಲವೇ ಶೀಟನ್ನು, ಗಾಳಿಯ ಒತ್ತಡವನ್ನು. ಈಗ ಅದೇ ಟ್ರಸ್ಸಿಗೆ ದೀಪದ ಚೌಕಟ್ಟು, ಸ್ಪೀಕರು, ಎಲ್‌ಇಡಿ ಪರದೆ ನೇತುಹಾಕುತ್ತಾರೆ. ತುಕ್ಕು ಹಿಡಿದ ರಿವೆಟ್ಟು, ಕೊಳೆತ ಮರದ ತುದಿ ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಕಟ್ಟಡದ ಎಂಜಿನಿಯರ್ ಒಬ್ಬರು ಹತ್ತಿ ನೋಡಿ, ಇಷ್ಟೇ ಭಾರ ಅಂತ ಬರೆದುಕೊಡದೆ ಒಂದು ಬಲ್ಬನ್ನೂ ಮೇಲಕ್ಕೆ ಕಟ್ಟಬಾರದು. ಸಮಾರಂಭದ ಸಾಮಾನಿಗೆ ಕೆಳಗಿನಿಂದಲೇ ನಿಲ್ಲುವ ಬೇರೆ ಚೌಕಟ್ಟು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಬಾಗಿಲುಗಳನ್ನೂ ನೋಡಬೇಕು. ಮಿಲ್ಲಿನಲ್ಲಿ ಹತ್ತಿಪ್ಪತ್ತು ಜನ ದುಡಿಯುತ್ತಿದ್ದರು, ಎಲ್ಲರಿಗೂ ಜಾಗ ಗೊತ್ತಿತ್ತು. ಮದುವೆಗೆ ಬರುವ ಸಾವಿರ ಜನಕ್ಕೆ ಯಾವ ಬಾಗಿಲು ಎಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ. ಬಟ್ಟೆಯ ಅಲಂಕಾರ, ಗ್ಯಾಸ್ ಒಲೆ, ತಾತ್ಕಾಲಿಕ ವೈರಿಂಗ್ ಎಲ್ಲ ಒಂದೇ ಸೂರಿನಡಿ. ಮುಂಬೈನ ಹಳೇ ಬಟ್ಟೆ ಮಿಲ್ಲಿನ ಆವರಣ ಕಮಲಾ ಮಿಲ್ಸ್‌ನಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಬೆಂಕಿ ಬಿದ್ದು 14 ಜನ ತೀರಿಕೊಂಡರು. ಅಲ್ಲಿ ಮಿಲ್ಲು ಹೋಗಿ ಪಬ್ಬು, ಆಫೀಸು ಬಂದಿದ್ದವು. ಆ ರಾತ್ರಿಯನ್ನು ನಾವು ನಮ್ಮೂರಿನ ಪ್ರತಿ ಹಳೇ ಶೆಡ್ಡಿನ ಎದುರೂ ನೆನಪಿಸಿಕೊಳ್ಳಬೇಕು. ಅಡುಗೆ ಮನೆ ಮುಖ್ಯ ಕಟ್ಟಡದಿಂದ ದೂರ ಇರಲಿ. ಹೊರಕ್ಕೆ ತೆರೆಯುವ ಅಗಲ ಬಾಗಿಲುಗಳು ಎರಡು ದಿಕ್ಕಿನಲ್ಲಾದರೂ ಇರಲಿ. ಅಗ್ನಿಶಾಮಕ ದಳದವರು ಬಂದು ನೋಡದೆ ಬುಕಿಂಗ್ ತೆಗೆದುಕೊಳ್ಳುವುದೇ ಬೇಡ. ಸೂರಿಗೆ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಇದ್ದರೆ ಅದರ ಕಥೆಯೇ ಬೇರೆ. ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಅದನ್ನು ಸುಮ್ನೆ ಕೂಲಿಯವರ ಕೈಯಲ್ಲಿ ಒಡೆಸಿ ಬಿಸಾಡುವಂತಿಲ್ಲ.

ಅಕ್ಕಪಕ್ಕದ ಮನೆಯವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಿಲ್ಲಿನ ಸದ್ದು ಬಹುಪಾಲು ಹಗಲಿನದು. ಹಾಲಿನ ಸದ್ದು ರಾತ್ರಿಯದು. ಹೆಂಚಿನ ಸೂರು ಗಾಳಿಯನ್ನು ಬಿಡುವ ಹಾಗೆ ಸದ್ದನ್ನೂ ಬಿಡುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಕಾಗದದಲ್ಲಿ ಜಾಗ ಇನ್ನೂ ಕೈಗಾರಿಕೆಯದು ಅಂತಿರುತ್ತದೆ, ಸುತ್ತ ನೋಡಿದರೆ ಮನೆಗಳು. ಹೀಗಾಗಿ ದೂರು ಕೊಟ್ಟವರಿಗೂ ಉತ್ತರ ಸಿಗುವುದಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು ಎಲ್ಲ ಕಡೆಗೂ ಒಂದೇ. ಮಿಲ್ಲಿನ ಹಿಂದಿನ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರೆ, ಪರೀಕ್ಷೆಗೆ ಓದುವ ಮಗು ಇದ್ದರೆ, ಈ ನಿಯಮ ಅವರ ಪಾಲಿಗೆ ಸಣ್ಣದಲ್ಲ. ಮಿಲ್ಲುಗಳು ಹೆಚ್ಚಾಗಿ ಹಳ್ಳ, ಹೊಳೆಯ ಹತ್ತಿರವೇ ಇರುತ್ತವೆ. ಹಳೇ ಚರಂಡಿ ನೇರ ಅಲ್ಲಿಗೇ ಹೋಗುತ್ತದೆ. ಸಾವಿರ ಎಲೆಯ ಊಟದ ನೀರೂ ಅದೇ ದಾರಿ ಹಿಡಿದು ತುಂಗೆಗೋ ಭದ್ರೆಗೋ ಸೇರುತ್ತದೆ.

ಕಾನೂನು ಈ ಕಟ್ಟಡಗಳನ್ನು ಕಾಯುತ್ತದೆಯೇ? ಬಹುಪಾಲು ಇಲ್ಲ. ಕೇಂದ್ರದ 1958ರ ಸ್ಮಾರಕಗಳ ಕಾಯ್ದೆ ಕನಿಷ್ಠ ನೂರು ವರ್ಷ ಹಳೆಯದಾದ ಕಟ್ಟಡಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಗಳಿಗೆ ರಕ್ಷಣೆ ಇದೆ, ಇರಲೇಬೇಕು. ಆದರೆ 1936ರ ಕಾಗದ ಕಾರ್ಖಾನೆಗೂ, ಸ್ವಾತಂತ್ರ್ಯ ಬಂದ ಆಸುಪಾಸಿನ ಮಿಲ್ಲಿಗೂ ವಯಸ್ಸೇ ಸಾಲದು. ನಮಗೂ ಪರಂಪರೆ ಅಂದರೆ ಗುಡಿ, ಕೋಟೆ, ಶಾಸನ ಅನ್ನುವ ಅಭ್ಯಾಸ. ನಮ್ಮ ಅಪ್ಪ, ಅಜ್ಜ ಬೆವರು ಸುರಿಸಿದ ಜಾಗವೂ ಪರಂಪರೆ ಅನ್ನುವುದು ಇನ್ನೂ ನಮ್ಮ ಬಾಯಿಗೆ ಬಂದಿಲ್ಲ.

ಹಾಗಾಗಿ ಸದ್ಯಕ್ಕೆ ಕೈಯಲ್ಲಿರುವುದು ಒಪ್ಪಂದದ ಕಾಗದ ಮಾತ್ರ. ಖಾಸಗಿ ಮಿಲ್ಲಿನ ಮಾಲೀಕರ ಮೇಲೆ ಜಾಸ್ತಿ ಒತ್ತಾಯ ಮಾಡಲು ಬರುವುದಿಲ್ಲ, ಮಾಡುವುದು ನ್ಯಾಯವೂ ಅಲ್ಲ. ಅವರಿಗೆ ನಗರಸಭೆ ಆಸ್ತಿ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟು, ಬದಲಿಗೆ ಒಂದು ಯಂತ್ರವನ್ನಾದರೂ ಇದ್ದಲ್ಲೇ ಉಳಿಸಿ, ತಿಂಗಳಿಗೆ ಕೆಲವು ದಿನ ಊರಿನವರಿಗೆ ಬಾಗಿಲು ತೆರೆಯಿರಿ ಅಂತ ಕೇಳಬಹುದು. ಸರ್ಕಾರದ ಜಾಗವಾದರೆ ಮಾತು ಬೇರೆ. ಅದು ನಮ್ಮೆಲ್ಲರ ದುಡ್ಡಿನದು. ಗುತ್ತಿಗೆಗೆ ಕೊಡುವಾಗಲೇ ಬರೆಯಬೇಕು: ಆವರಣ ಹಗಲು ತೆರೆದಿರಬೇಕು. ಮಳೆಗಾಲದಲ್ಲಿ ಶಾಲೆ, ನಾಟಕ ತಂಡ, ಸಂಘಗಳಿಗೆ ಕಡಿಮೆ ಬಾಡಿಗೆಗೆ ಸಿಗಬೇಕು. ಬಾಡಿಗೆಯ ಒಂದು ಪಾಲು ಸೂರಿನ ರಿಪೇರಿಗೇ ಅಂತ ಬೇರೆ ಖಾತೆಯಲ್ಲಿ ಇರಬೇಕು. ಕಾವಲು, ನಿರ್ವಹಣೆ, ಬಂದವರಿಗೆ ಜಾಗ ತೋರಿಸುವ ಕೆಲಸ ಮೊದಲು ಅಲ್ಲಿ ದುಡಿದವರ ಮನೆಯವರಿಗೆ ಸಿಗಬೇಕು. ಗುಜರಿಗೆ ಹಾಕುವ ಮುನ್ನ ಪ್ರತಿ ಯಂತ್ರದ ಮುಂದೆ ಅದನ್ನು ನಡೆಸಿದವರನ್ನು ನಿಲ್ಲಿಸಿ ಮಾತು ರೆಕಾರ್ಡ್ ಮಾಡಿಕೊಳ್ಳಬೇಕು. ಇದಕ್ಕೆ ದೊಡ್ಡ ಬಜೆಟ್ ಬೇಡ, ಒಂದು ಮೊಬೈಲು, ಕಾಲೇಜಿನ ನಾಲ್ಕು ಹುಡುಗರು ಸಾಕು.

ಆ ಮದುವೆಯ ದಿನ ನಾನೂ ಅದನ್ನು ಮಾಡಲಿಲ್ಲ. ಊಟ ಮುಗಿದು ಕೈ ತೊಳೆಯಲು ಹೋದಾಗ ಹಿರಿಯರು ಇನ್ನೊಂದು ಮಾತು ಹೇಳಿದರು. ಬೆಲ್ಟ್ ಸಡಿಲವಾದರೆ ಕಿವಿಗೆ ಗೊತ್ತಾಗುತ್ತಿತ್ತಂತೆ, ಎದ್ದು ನೋಡುವುದೇ ಬೇಡವಾಗಿತ್ತಂತೆ. ಆ ಸದ್ದು ಹೇಗಿರುತ್ತಿತ್ತು ಅಂತ ಬಾಯಲ್ಲೇ ಮಾಡಿ ತೋರಿಸಿದರು. ಅಷ್ಟರಲ್ಲಿ ಅವರ ಮಗ ಕಾರು ತಂದು ನಿಲ್ಲಿಸಿದ, ಅವರು ಹೊರಟರು. ಹೆಸರು ಕೇಳಿಕೊಂಡಿದ್ದೇನೆ. ಮದುವೆ ಮನೆಯವರ ಹತ್ತಿರ ನಂಬರ್ ಇದೆಯಂತೆ. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.